ಪರಸಿಯ ಮೇಲಿನ ಬೆವರಿನಾಳು

ನಮ್ಮ ಮನೆಯ ಪಡಸಾಲೆಗೆ ಹಾಸಿರುವ ಪರಸಿಕಲ್ಲುಗಳಲ್ಲಿ ಒಂದು ಮಾತ್ರ ಉಳಿದವುಗಳ ಕುಲಕ್ಕೆ ಸೇರಿದ್ದಲ್ಲ. ಉಳಿದವೆಲ್ಲ ಬೂದುಬಣ್ಣದವು, ಒರಟು ಮೈಯವು, ಒಂದೇ ಗಾಡಿಯಲ್ಲಿ ಬಂದು ಒಂದೇ ದಿನ ನೆಲ ಹಿಡಿದ ಅಣ್ಣತಮ್ಮಂದಿರು. ಇದೊಂದು, ಬಾಗಿಲ ಬಲಗಡೆಗೆ ಆಳುದ್ದ ಮಲಗಿರುವುದು, ಕರ್ರಗೆ ಜಿಡ್ಡುಗಟ್ಟಿ, ನಡುವೆ ಎಷ್ಟೋ ಅಂಗೈಗಳ ಒತ್ತಿಗೆ ಸವೆದು ತುಸು ತಗ್ಗಾಗಿದೆ. ಮನೆಗೆ ಬಂದವರು ಇಲ್ಲೇನೋ ಎಣ್ಣೆಯ ಡಬ್ಬಿ ಉರುಳಿರಬೇಕು ಎಂದುಕೊಂಡು ಪಂಚೆ ಎತ್ತಿ ದಾಟುತ್ತಾರೆ. ಅವರ ತಪ್ಪಲ್ಲ. ಒಂದು ಓಣಿಯ ಗಂಡಸರೆಲ್ಲ ತಮ್ಮ ಹರೆಯವನ್ನು ಹನಿಹನಿಯಾಗಿ ಸುರಿದು ಹೋದ ಜಾಗ ಅದು ಎಂದು, ಗೆಳೆಯ, ನೀನಾದರೂ ಹೇಗೆ ಊಹಿಸಬಲ್ಲೆ?

ಆ ಕಲ್ಲು ಮೊದಲು ಇದ್ದದ್ದು ಮಸ್ಕಿಯ ಗುಡ್ಡದ ಬುಡದಲ್ಲಿ, ಮಣ್ಣಿನ ಮಾಳಿಗೆಯ ಒಂದು ತಾಲೀಮಿನಲ್ಲಿ. ಗರಡಿ ಮನೆ ಎಂದು ಪುಸ್ತಕದವರು ಹೇಳುವುದನ್ನು ನಾವು ತಾಲೀಮು ಎನ್ನುತ್ತಿದ್ದೆವು. ಒಳಗೆ ಗುಡ್ಡದಿಂದ ತಂದ ಕೆಮ್ಮಣ್ಣಿನ ಕಣ, ಗೋಡೆಯ ಗೂಡಿನಲ್ಲಿ ಸಿಂಧೂರ ಬಳಿದ ಹಣಮಪ್ಪ, ಹಣಮಪ್ಪನ ಮುಂದೆ ಈ ಪರಸಿ. ತಾಲೀಮಿನ ಉಸ್ತಾದ ಮೋದಿನಸಾಬ, ಹಗಲೆಲ್ಲ ಎತ್ತುಗಳ ಗೊರಸಿಗೆ ನಾಲು ಬಡಿಯುವವನು, ಬೆಳಗಿನ ಜಾವ ನಮ್ಮಂಥ ಎತ್ತುಗಳನ್ನು ಪಳಗಿಸುವವನು. ಸಾಮು ಮಾಡುವಾಗ ಎಣಿಸುವುದು ಅವನ ತಾಲೀಮಿನಲ್ಲಿ ನಿಷಿದ್ಧವಾಗಿತ್ತು. ಬೇರೆ ಊರಿನ ಪೈಲ್ವಾನರು ಇಷ್ಟು ದಂಡ ಹೊಡೆದೆ, ಅಷ್ಟು ಬಸಕಿ ತೆಗೆದೆ ಎಂದು ಕೊಚ್ಚಿಕೊಂಡರೆ ಅವನಿಗೆ ನಗು.

“ಎಣಿಸಬ್ಯಾಡಲೇ ಬಸ್ಯಾ,” ಎಂದು ನನಗೆ ಹೇಳುತ್ತಿದ್ದ. “ಎಣಿಸಿದ್ರ ಮೈ ಕೇಳಿಸ್ಕೊಂತದ, ಅದಕ್ಕ ಸೊಕ್ಕು ಬರ್ತದ. ಪರಸಿ ಮ್ಯಾಲ ನಿನ್ನಂಥವನ ಒಬ್ಬ ಬೆವರಿನಾಳು ಮೂಡೋತನಕ ಹೊಡಿ. ಅವ ಮೂಡಿದ ಮ್ಯಾಲ ನೀ ಏಳು.”

ದಂಡ ಹೊಡೆಯುವವನ ಹಣೆಯಿಂದ, ಎದೆಯಿಂದ, ತೋಳುಗಳಿಂದ ಇಳಿದ ಬೆವರು ಕಲ್ಲಿನ ಮೇಲೆ ಬಿದ್ದು ಕೂಡಿ, ಕ್ರಮೇಣ ಒಂದು ಒದ್ದೆ ಆಕಾರವಾಗುತ್ತದೆ. ಮೇಲೊಂದು ದುಂಡಗಿನ ತಲೆ, ಕೆಳಗೊಂದು ಅಗಲ ಎದೆ, ಅಕ್ಕಪಕ್ಕ ಎರಡು ಕೈ. ಅವನೇ ಬೆವರಿನಾಳು. ಅವನನ್ನು ಮೂಡಿಸಿ, ಒಂದು ಗಳಿಗೆ ನಿಂತು ನೋಡಿ, ಮುಂದಿನವನಿಗೆ ಕಲ್ಲು ಬಿಟ್ಟುಕೊಡುವುದು ನಮ್ಮ ರೂಢಿ. ನನ್ನ ಆಳಿನ ಎದೆ ಎಲ್ಲರ ಆಳುಗಳ ಎದೆಗಿಂತ ಅಗಲ ಎಂದು ಉಸ್ತಾದ ಒಮ್ಮೆ ಎಲ್ಲರೆದುರು ಹೇಳಿದ್ದ. ತನ್ನ ನಂತರ ಈ ಕಣದ ಮಣ್ಣು ಹಡ್ಡಿ ತಾಲೀಮು ನಡೆಸುವವನು ಬಸ್ಯಾನೇ ಎಂದೂ ಹೇಳಿದ್ದ. ಕುರಿ ಕಾಯುವವರ ಮನೆಯ ಹುಡುಗ ನಾನು, ಉರ್ದುವಿನಲ್ಲಿ ಅಕ್ಷರ ಕಲಿತು, ರಾಜ್ಯಗಳು ಕೂಡಿ ಕನ್ನಡ ಶಾಲೆ ಬಂದಾಗ ಮತ್ತೆ ಮೊದಲಿನಿಂದ ತಿದ್ದಿ, ಹೇಗೋ ಮಾಸ್ತರಿಕೆಯ ಹೊಸ್ತಿಲು ತುಳಿದವನು. ನನಗೆ ಆ ನೌಕರಿ ಹೊಟ್ಟೆಯ ಮಾತಾಗಿತ್ತು. ಮೋದಿನಸಾಬನ ತರುವಾಯ ಉಸ್ತಾದ ಅನ್ನಿಸಿಕೊಳ್ಳುವುದೇ ನನ್ನ ಆಸೆ, ಬೇರೆ ಆಸೆ ನನಗಿರಲಿಲ್ಲ.

ಆ ಆಸೆ ಲಿಂಗಸುಗೂರಿನ ಒಂದು ಕುಸ್ತಿಯಲ್ಲಿ ಮುರಿಯಿತು. ಎದುರಾಳಿ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಇಳಿಯುವ ಒಬ್ಬ ಹುರಿಯಾಳು. ಬಿಸಿಲು ಕಾಣದೆ ಬಿಳಿಚಿದ ಮೈ, ಆದರೆ ಬಂಡೆ ಕೊರೆದು ಬಂಡೆಯಾದ ಕೈ. ಬಹಳ ಹೊತ್ತು ಸಮಸಮ ನಡೆಯಿತು. ಆಮೇಲೆ ಅವನು ನನ್ನ ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುವಿ ಕೆಡವಿದಾಗ ಭುಜದಲ್ಲಿ ಒಣ ಜೋಳದ ದಂಟು ಮುರಿದಂಥ ಸದ್ದಾಯಿತು. ಡೊಳ್ಳು ನಿಂತಿತು. ಆ ಹುಡುಗ ಒಳ್ಳೆಯವನು, ಗೆದ್ದ ಕುಣಿತ ಬಿಟ್ಟು ನನ್ನ ಪಕ್ಕ ಕುಳಿತು, ಬೆವರು ಒರೆಸಿ, “ಮಾಫ್ ಮಾಡ್ರಿ ಅಣ್ಣಾ, ನಿಮ್ಮ ಕೈ ಇಷ್ಟು ಹಗುರ ಐತಿ ಅಂತ ನನಗ ಗೊತ್ತಿರಲಿಲ್ಲ” ಎಂದ. ಬೈದಿದ್ದರೆ ಬೇಕಾಗಿತ್ತು. ಕನಿಕರದಿಂದ ಬಂದ ಆ ‘ಹಗುರ’ ಎಂಬ ಮಾತು ನನ್ನೊಳಗೆ ಮುಳ್ಳಾಗಿ ಮುರಿದು ಉಳಿಯಿತು.

ಮುದಗಲ್ಲಿನಿಂದ ಎಲುಬು ಕೂಡಿಸುವ ಮುದುಕ ಬಂದು ಭುಜ ಎಳೆದು ಕೂಡಿಸಿ, ತತ್ತಿಯ ಬಿಳಿಯನ್ನು ಬಟ್ಟೆಗೆ ಬಳಿದು ಕಟ್ಟು ಕಟ್ಟಿ ಹೋದ. ಕಟ್ಟು ಬಿಚ್ಚುವ ಹೊತ್ತಿಗೆ ಕೈ ಕೂಡಿತ್ತು, ನಾನು ಕೂಡಿರಲಿಲ್ಲ. ಬೆಳಗಿನ ಜಾವ ಎಚ್ಚರವಂತೂ ಆಗುತ್ತಿತ್ತು, ವರ್ಷಗಳ ರೂಢಿ. ಓಣಿಯಾಚೆ ತಾಲೀಮಿನಲ್ಲಿ ತೊಡೆ ತಟ್ಟುವ ಸದ್ದು ಕೇಳುತ್ತಿತ್ತು, ಗೂಟಕ್ಕೆ ತೂಗುಬಿದ್ದ ನನ್ನ ಲಂಗೋಟಿ ಕಣ್ಣೆದುರಿಗೇ ಇರುತ್ತಿತ್ತು, ಅದಕ್ಕೂ ನನಗೂ ನಡುವೆ ನಾಲ್ಕು ಹೆಜ್ಜೆಯ ನೆಲ. ಆ ನೆಲ ದಾಟಲಾಗಲಿಲ್ಲ. ನಾಳೆ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ನಾಳೆಯೂ ಅದನ್ನೇ ಎನ್ನುತ್ತಿದ್ದೆ. ಹೀಗೆ ನಾಳೆಗಳನ್ನು ಹೊದ್ದುಕೊಂಡು ಎಷ್ಟು ಕಾಲ ಮಲಗಿದ್ದೆನೋ ತಿಳಿಯದು, ಕರಿಹೊಲದಲ್ಲಿ ಜೋಳ ತೆನೆಗಟ್ಟಿ ಕೊಯ್ಲಾಗಿ ಹೋಯಿತು.

ನಿರಾಶೆ ಎಂದರೆ ದೊಡ್ಡ ದುಃಖ ಎಂದು ನೀನು ತಿಳಿದಿದ್ದರೆ ಆ ಕಲ್ಪನೆಯನ್ನು ಬಿಡು. ದುಃಖಕ್ಕೆ ಅಳುವಷ್ಟಾದರೂ ಕಸುವಿರುತ್ತದೆ. ನನಗೆ ಅಳುವೂ ಬರಲಿಲ್ಲ. ರೊಟ್ಟಿ ತಿಂದೆ, ಶಾಲೆಗೆ ಹೋದೆ, ಮಕ್ಕಳಿಗೆ ಮಗ್ಗಿ ಹೇಳಿಸಿದೆ, ಸೈಕಲ್ ಮೇಲೆ ಮರಳಿ ಬಂದು ಕಟ್ಟೆಗೆ ಕುಳಿತೆ. ನೋಡಿದವರಿಗೆ ಎಲ್ಲ ಸರಿಯಾಗಿತ್ತು. ಅವ್ವನಂತೂ ಒಳಗೊಳಗೇ ಹಿಗ್ಗಿದ್ದಳು. “ಹೋಗ್ಲಿ ಬಿಡಪ್ಪಾ, ಕುಸ್ತಿ ಬಿಟ್ರ ಮನ್ಯಾಗ ಹಾಲರ ಉಳೀತಾವ” ಎಂದು ನಕ್ಕಳು. ನಾನೂ ನಕ್ಕೆ. ಒಳಗೆ ಮಾತ್ರ, ನೀರು ಬತ್ತಿದ ಬಾವಿಗೆ ಕೊಡ ಬಿಟ್ಟಾಗ ಆಗುವಂಥ ಸದ್ದು.

ಹೋಗಲೇ ಇಲ್ಲವೆಂದಲ್ಲ, ಹೋದೆ. ಮೊದಲ ಸಲ ಹೋದಾಗ ಪರಸಿಯ ಮೇಲೆ ಅಂಗೈ ಊರಿ ಬಗ್ಗಿದ್ದೇ ತಡ ಬಲಭುಜ ಕುಸಿದು ಗಲ್ಲ ಕಲ್ಲಿಗೆ ಬಡಿಯಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಸಿಟ್ಟಾದರೂ ಬರುತ್ತಿತ್ತು. ಎರಡನೆಯ ಸಲ ಮನಸ್ಸು ಮಾಡುವಷ್ಟರಲ್ಲಿ ಚಳಿಜ್ವರ ಹಿಡಿಯಿತು. ಹೊಸ ಅಣೆಕಟ್ಟಿನಿಂದ ಹರಿದು ಬಂದ ಕಾಲುವೆ ನೀರಿನ ಜೊತೆಗೆ ಸೊಳ್ಳೆಗಳೂ ನಮ್ಮ ಸೀಮೆಗೆ ಇಳಿದಿದ್ದವು. ಜ್ವರ ಬಿಟ್ಟೆದ್ದಾಗ ತೊಡೆಗಳು ನನ್ನವಾಗಿರಲಿಲ್ಲ. ಮುಂದಿನ ಸಲ ತಾಲೀಮಿನ ಬಾಗಿಲ ತನಕ ಹೋಗಿ, ಒಳಗಿನ ಕೆಮ್ಮಣ್ಣಿನ ಘಮ ಮೂಗಿಗೆ ಬಡಿದದ್ದೇ, ಹಟ್ಟಿಯ ಹುಡುಗನ ಆ ಮಾತು ನೆನಪಾಗಿ ಹಿಂತಿರುಗಿದೆ. ಹಾಗೆ ಹಿಂತಿರುಗುವುದು ಸೋಲುವುದಕ್ಕಿಂತ ಕೆಟ್ಟದ್ದು. ಸೋಲಿಗಾದರೂ ನೋಡುವ ಜನ ಇರುತ್ತಾರೆ.

ಆ ದಿನಗಳಲ್ಲಿ ನನಗೆ ಬುದ್ಧಿ ಹೇಳದವರೇ ಇಲ್ಲ. ಮನಸ್ಸಿದ್ದರೆ ಮಾರ್ಗ ಎಂದರು, ಬಿದ್ದವನೇ ಎದ್ದಾನು ಎಂದರು. ಇಂಥ ಮಾತನ್ನು ಸಣ್ಣ ಹುಡುಗರಿಗೆ ಕಪ್ಪುಹಲಗೆಯ ಮೇಲೆ ಬರೆಸುವವನು ನಾನೇ ಆದರೂ ಹೇಳುತ್ತೇನೆ, ಗೆಳೆಯ, ಹುರುಪು ತುಂಬಲು ಬರುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಮನಸ್ಸಿದ್ದರೆ ಮಾರ್ಗ, ಸರಿ. ಮನಸ್ಸೇ ಇಲ್ಲದವನು ಯಾವ ಅಂಗಡಿಗೆ ಹೋಗಬೇಕು? ಕೈ ಮುರಿದವನಿಗೆ ಮುದಗಲ್ಲಿನ ಮುದುಕ ಇದ್ದಾನೆ. ಹುರುಪು ಮುರಿದವನಿಗೆ ಯಾರೂ ಇಲ್ಲ. ಬುದ್ಧಿ ಹೇಳದೆ ಉಳಿದವನು ಮೋದಿನಸಾಬ ಒಬ್ಬನೇ. ದಾರಿಯಲ್ಲಿ ಸಿಕ್ಕರೆ ಎತ್ತಿನ ಕಾಲು ನೋಡುವಂತೆ ನನ್ನ ಭುಜ ನೋಡಿ, “ಆರಾಮ?” ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದ. ಅವನು ಬಯ್ಯಲಿ ಎಂದು ನಾನು ಕಾಯುತ್ತಿದ್ದೆ.

ಅಷ್ಟರಲ್ಲಿ ಅವನಿಗೇ ಬೇರೆ ಗೀಳು ಹಿಡಿದಿತ್ತು. ಎಡದಂಡೆ ಕಾಲುವೆಯ ಮರಿಗಾಲುವೆಯೊಂದು ತಾಲೀಮಿನ ಬೆನ್ನಿಗೇ ಹಾದು ಹೋಯಿತು. ಅಲ್ಲಿಯ ತನಕ ನಮ್ಮಲ್ಲಿ ಒಂದು ಕಟ್ಟಳೆ ಇತ್ತು: ಕಣಕ್ಕೆ ಇಳಿಯುವ ಪ್ರತಿಯೊಬ್ಬನೂ ದೂರದ ಬಾವಿಯಿಂದ ಒಂದು ಕೊಡ ನೀರು ಹೊತ್ತು ತಂದು ಮಣ್ಣಿಗೆ ಚಿಮುಕಿಸಬೇಕು. ಹದವಾಗಿ ತೋಯಿಸಿ, ಮಜ್ಜಿಗೆ ಎಣ್ಣೆ ಬೆರೆಸಿ, ದಿನಾ ಹಡ್ಡಿ ತಿರುವಿದರೆ ಮಾತ್ರ ಕೆಮ್ಮಣ್ಣು ಬಿದ್ದವನನ್ನು ತಾಯಿಯಂತೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಆ ಒಂದು ಕೊಡಕ್ಕೆ ಎಷ್ಟು ಪರದಾಟ! ಈಗ ಬೆನ್ನ ಹಿಂದೆಯೇ ನೀರು ಹರಿಯುವುದನ್ನು ಕಂಡು ಉಸ್ತಾದನಿಗೆ ಸ್ವರ್ಗವೇ ಸಿಕ್ಕಂತಾಯಿತು. ತಾನೇ ನಿಂತು ಹುಡುಗರಿಂದ ಒಂದು ಸಣ್ಣ ತೋಡು ತೋಡಿಸಿ ನೀರನ್ನು ತಾಲೀಮಿನ ಗೋಡೆಯ ತನಕ ತಿರುಗಿಸಿದ. “ಇನ್ನ ಮ್ಯಾಲ ಯಾವ ಪೈಲ್ವಾನನೂ ಕೊಡ ಹೊರಾಂಗಿಲ್ಲ,” ಎಂದು ಓಣಿಗೆಲ್ಲ ಬೆಲ್ಲ ಹಂಚಿದ. “ಗಂಗವ್ವ ತಾನ ನಮ್ಮ ಬಾಗಿಲಿಗಿ ಬಂದಾಳ.”

ಬಂದವಳು ಹೋಗಲಿಲ್ಲ. ತಲತಲಾಂತರದಿಂದ ನೀರಿಗೆ ಬಾಯಿ ಬಿಟ್ಟವರ ಸೀಮೆ ನಮ್ಮದು. ನೀರು ಹೆಚ್ಚಾಗಿಯೂ ಕೆಡುಕಾಗಬಹುದು ಎಂಬುದು ನಮ್ಮ ಯಾರ ತಲೆಗೂ ಹೊಳೆಯುವಂತಿರಲಿಲ್ಲ. ಕರಿಮಣ್ಣಿನ ಅಡಿಯಿಂದ ಒಸರು ಏರಿತು. ಮೊದಲು ಕಣದ ಮೂಲೆ ತಂಪಾಯಿತು, ಆಮೇಲೆ ಅಂಟಾಯಿತು, ಕೊನೆಗೆ ಎರಡು ಬೆರಳು ಅಗೆದರೆ ನೀರು ಜಿನುಗಿತು, ಕೆಂಪಿನ ಮೇಲೆ ಬಿಳಿಯ ಸವಳು ಉಪ್ಪಿನಂತೆ ಹೂಬಿಟ್ಟಿತು. ತೋಡು ಮುಚ್ಚಿದರು, ಒಸರು ನಿಲ್ಲಲಿಲ್ಲ. ಹುಡುಗರಿಗೂ ಪುರುಸೊತ್ತು ತಪ್ಪಿತ್ತು. ಜೋಳದ ಹೊಲಗಳು ಗದ್ದೆಗಳಾಗುತ್ತಿದ್ದವು, ಆಂಧ್ರದಿಂದ ಬಂದವರ ಕ್ಯಾಂಪುಗಳಲ್ಲಿ ನಸುಕಿನಲ್ಲೇ ನಾಟಿಯ ಕೂಲಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವ ಕೆಲಸ. ಹೊರುವ ಮೈಗೆ ಈಗ ಬೆಲೆ ಬಂದಿತ್ತು, ಸಾಮು ಮಾಡುವ ಮೈಗೆ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ಉಸ್ತಾದ ಒಬ್ಬನೇ ಉಳಿದ. ಗುಡ್ಡದಿಂದ ಕೆಮ್ಮಣ್ಣು, ಹಳ್ಳದಿಂದ ಉಸುಕು, ಇಟ್ಟಂಗಿ ಭಟ್ಟಿಯಿಂದ ಬೂದಿ, ಏನು ಸಿಕ್ಕರೂ ಬುಟ್ಟಿಯಲ್ಲಿ ಹೊತ್ತು ತಂದು ಆ ರಾಡಿಗೆ ಸುರಿಯುತ್ತಿದ್ದ, ಸುರಿದು ಹಡ್ಡುತ್ತಿದ್ದ, ಹಡ್ಡಿದ್ದು ಮರುದಿನಕ್ಕೆ ಮತ್ತೆ ರಾಡಿ. ಶಾಲೆಗೆ ಹೋಗುವಾಗ ಸೈಕಲ್ ನಿಲ್ಲಿಸಿ ಬಾಗಿಲಿಂದ ಅವನ ಬೆನ್ನು ನೋಡುತ್ತಿದ್ದೆ. ಇಳಿದು ಒಂದು ಸಲಿಕೆ ಹಿಡಿಯಬೇಕು ಅನ್ನಿಸುತ್ತಿತ್ತು. ಅನ್ನಿಸಿದ್ದು ಕೈಗೆ ಬರುವ ಮುನ್ನವೇ ಆರಿಹೋಗುತ್ತಿತ್ತು. ನಮ್ಮಿಬ್ಬರ ಗತಿಯೂ ಒಂದೇ ಎಂದು ತಿಳಿದು ನನಗೆ ಆಗ ಉಂಟಾದದ್ದು ಸಮಾಧಾನವಲ್ಲ, ಭಯ.

ಒಂದು ಬೆಳಿಗ್ಗೆ ಅವನು ನಮ್ಮ ಮನೆಯ ಬಾಗಿಲಿಗೆ ಬಂದ. ನನಗೆ ಆಗಷ್ಟೇ ಮದುವೆಯಾಗಿತ್ತು; ಶಂಕ್ರಮ್ಮ ಚಹಾ ಮಾಡಲು ಒಳಗೆ ಹೋದಳು.

“ಏಳಲೇ, ಒಂದು ಕಲ್ಲು ಎತ್ತೋದದ,” ಎಂದ.

“ನನ್ನ ಕೈ ಗೊತ್ತಲ್ರಿ ಉಸ್ತಾದ್.”

“ಗೊತ್ತದ. ನನ್ನವೂ ಹಂಗ ಆಗ್ಯಾವ. ಇಬ್ಬರದೂ ಕೂಡಿದ್ರ ಒಬ್ಬ ಗಂಡಸು ಆಗಬಹುದು, ನಡಿ.”

ಪರಸಿ ಒಂದು ಅಂಚಿಗೆ ಕೆಸರಿನಲ್ಲಿ ಇಳಿಯತೊಡಗಿತ್ತು. ನಾವಿಬ್ಬರೂ ಗಾಡಿಯವನೂ ಸೇರಿ ಹಾರೆ ಹಾಕಿ ಮೀಟಿ, ಒಂದು ಕೊನೆಯನ್ನು ಗಾಡಿಗೆ ಆನಿಸಿ ನೂಕಿದೆವು. ಬಲಗೈ ಭಾರ ತಡೆಯದೆ ಹೋಗಿ ನಾನು ಎಡಹೆಗಲು ಕೊಟ್ಟೆ. ಕಲ್ಲು ಗಾಡಿ ಸೇರಿದ ಮೇಲೆ ಉಸ್ತಾದ ತಲೆಯ ರುಮಾಲು ಬಿಚ್ಚಿ, ಕಲ್ಲಿನ ಮೇಲಿನ ಕೆಸರನ್ನೆಲ್ಲ ಒರೆಸಿದ. ಆ ರುಮಾಲಿಗೆ ಕೆಸರು ತಾಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ನಿನ್ನ ಮನಿಗಿ ಒಯ್ಯಿ,” ಎಂದ. “ಅರಬಿ ಒಗಿಯಾಕರ ಆಗ್ತದ. ತಾಲೀಮು ಮುಗೀತು.”

ಹಣಮಪ್ಪನನ್ನು ಓಣಿಯ ಗುಡಿಗೆ ಒಯ್ದರು. ಪರಸಿ ನಮ್ಮ ಅಂಗಳಕ್ಕೆ ಬಿತ್ತು. ನನ್ನ ಕಣ್ಣೆದುರೇ ಅದರ ಮೇಲೆ ಸೀರೆ ಧೋತರ ಕುಕ್ಕುವ ಸದ್ದಾಗುತ್ತಿದ್ದರೆ ನಾನು ಬೇರೆ ಕಡೆ ನೋಡುತ್ತ ಬೇವಿನ ಕಡ್ಡಿ ಅಗಿಯುತ್ತಿದ್ದೆ. ಇನ್ನು ಮುಂದೆ ನನಗೆ ಹೋಗಲು ತಾಲೀಮೂ ಇರಲಿಲ್ಲ, ಹೋಗದಿರಲು ತಾಲೀಮೂ ಇರಲಿಲ್ಲ. ನಾಳೆ ಎನ್ನುವ ಸುಖವೂ ತಪ್ಪಿತು. ನಾನು ಉಸ್ತಾದನಾಗಲಾರೆ ಎಂಬುದು ಆಗ ನಿಶ್ಚಯವಾಯಿತು, ಮತ್ತು ಆ ನಿಶ್ಚಯದ ಭಾರಕ್ಕೆ ನಿಜವಾಗಿ ಕುಗ್ಗಿಹೋದೆ.

ಮುಂದಿನದನ್ನು ಹೇಳಲು ಸಂಕೋಚ. ಯಾಕೆಂದರೆ ಅದರಲ್ಲಿ ಛಲವಿಲ್ಲ, ಸಂಕಲ್ಪವಿಲ್ಲ, ಕಪ್ಪುಹಲಗೆಯ ಮೇಲೆ ಬರೆಯುವಂಥದ್ದು ಏನೂ ಇಲ್ಲ. ಒಂದು ರವಿವಾರ ಶಂಕ್ರಮ್ಮ ನನ್ನ ಬಿಳಿ ಅಂಗಿಯನ್ನು ತಂದು ಮುಖಕ್ಕೆ ಹಿಡಿದಳು. ಬೆನ್ನಿಗೆ ಉದ್ದಕ್ಕೆ ಕಪ್ಪು ಗೆರೆ. “ಈ ಕಲ್ಲಿನ ಮ್ಯಾಲ ಒಗದ್ರ ಇದ್ದ ಹೊಲಸು ಹೋಗೂದಿಲ್ಲ, ಇಲ್ಲದ್ದು ಹತ್ತತೈತಿ. ಒಂದಾ ಇದನ್ನ ತಿಕ್ಕಿ ಸ್ವಚ್ಛ ಮಾಡ್ರಿ, ಇಲ್ಲಾ ಒಯ್ದು ಕಾಲುವಿಗಿ ಒಗೀರಿ,” ಎಂದಳು. ಕಾಲುವೆಯ ಹೆಸರು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಿ ಕಳೆದು, ಇಟ್ಟಂಗಿಯ ಚೂರು ತೆಗೆದುಕೊಂಡು, ಮೊಳಕಾಲೂರಿ ಕಲ್ಲು ತಿಕ್ಕಲು ಕುಳಿತೆ.

ತಿಕ್ಕಿದೆ. ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದೆ, ಚಾಚಿದೆ, ಎಳೆದೆ. ಜಿಡ್ಡು ಕದಲಲಿಲ್ಲ. ಬಿಸಿಲೇರಿತು, ಸಿಟ್ಟು ಇಳಿಯಲಿಲ್ಲ. ಯಾವ ಗಳಿಗೆಯಲ್ಲಿ ಮೊಳಕಾಲು ನೆಲ ಬಿಟ್ಟಿತೋ, ಯಾವಾಗ ಇಟ್ಟಂಗಿ ಕೈಯಿಂದ ಜಾರಿತೋ, ನಿಜವಾಗಿಯೂ ತಿಳಿಯದು. ಅಂಗೈಗಳು ಸವೆದ ಆ ತಗ್ಗುಗಳನ್ನು ಹುಡುಕಿಕೊಂಡು ತಾವೇ ಕುಳಿತಿದ್ದವು, ಎದೆ ಇಳಿದು ಏರುತ್ತಿತ್ತು. ಬಲಗೈ ಭಾರ ಹೊರುತ್ತಿರಲಿಲ್ಲ, ಸುಮ್ಮನೆ ಕಲ್ಲು ಮುಟ್ಟಿಕೊಂಡಿತ್ತು. ಎಡಗೈ ಒಂದೇ ಇಡೀ ನನ್ನನ್ನು ಎತ್ತುತ್ತಿತ್ತು. ಸುಸ್ತಾಗಿ ಪಕ್ಕಕ್ಕೆ ಉರುಳಿ ನೋಡಿದರೆ ಪರಸಿಯ ಮೇಲೆ ಅವನಿದ್ದ. ತಲೆ ಇತ್ತು, ಎದೆ ಇತ್ತು, ಎಡಗೈ ಇತ್ತು. ಬಲಗೈ ಇರಬೇಕಾದಲ್ಲಿ ಕಲ್ಲು ಒಣಗಿತ್ತು.

ಅವತ್ತು ನಾನು ಅತ್ತೆ. ಬಾಗಿಲಲ್ಲಿ ನಿಂತ ಶಂಕ್ರಮ್ಮನಿಗೆ ಏನು ತಿಳಿಯಿತೋ, “ಸ್ವಚ್ಛ ಆಗದಿದ್ರ ಇರಲಿ ಬಿಡ್ರಿ, ಅದಕ್ಯಾಕ ಅಳಾಕತ್ತೀರಿ” ಎಂದು ಗಾಬರಿಯಾದಳು. ನಾನು ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಉಸ್ತಾದನ ಮನೆಗೆ ಓಡಿದೆ. ಅವನು ಹೊರಸಿನ ಮೇಲಿದ್ದ. ರಾಡಿಯಲ್ಲಿ ನಿಂತೂ ನಿಂತೂ ಕಾಲು ಬಾತಿದ್ದವು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಈಗ ಎಲ್ಲದಾನ ಅವ?” ಎಂದ.

“ಇಷ್ಟೊತ್ತಿಗಿ ಆರಿ ಹೋಗಿರ್ತಾನ್ರಿ.”

“ಹಂಗಾರ ನಾಳೆ ಬರ್ತೀನಿ. ನನ್ನ ಮುಂದ ಮೂಡಿಸು.”

ಮರುದಿನ ಮಗನ ಹೆಗಲು ಹಿಡಿದು ಬಂದ. ಶಂಕ್ರಮ್ಮ ಅಂಗಳದಲ್ಲಿ ಹೊರಸು ಹಾಕಿದಳು. ನಾನು ಪರಸಿಗೆ ಕೈಮುಗಿದು ಬಗ್ಗಿದೆ. ಎಷ್ಟು ಕೆಟ್ಟದಾಗಿ ದಂಡ ಹೊಡೆದೆನೆಂದರೆ, ಹಿಂದೆ ಆಗಿದ್ದರೆ ಅವನು ಬೆನ್ನಿಗೆ ಬೆತ್ತ ಎಳೆಯುತ್ತಿದ್ದ. ನಾನು ಎದ್ದ ಮೇಲೆ ಅವನು ಹೊರಸಿನಿಂದ ಇಳಿದು, ಕಲ್ಲಿನ ಹತ್ತಿರ ಕುಕ್ಕರಿಸಿ, ಬಹಳ ಹೊತ್ತು ನೋಡಿದ. ಒಣಗಿದ್ದ ಬಲಭಾಗವನ್ನು ಬೆರಳಿನಿಂದ ಮುಟ್ಟಿದ.

“ಇವಗ ಒಂದು ಕೈ ಇಲ್ಲಲ್ಲೋ.”

“ಇಲ್ರಿ ಉಸ್ತಾದ್. ಬರೂದೂ ಇಲ್ಲ.”

“ಇರಲಿ,” ಎಂದ. ಆಮೇಲೆ ನನ್ನ ಕಡೆ ನೋಡದೆ, ಕಲ್ಲಿನ ಕಡೆಗೇ ನೋಡುತ್ತ, “ನಾಳಿಗೂ ಬಾ ಅನ್ನು ಅವಗ” ಎಂದ.

ಅಷ್ಟೇ. ಬೇರೆ ಉಪದೇಶವಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಉಸ್ತಾದ ಇರಲಿಲ್ಲ. ತಾಲೀಮಿನ ಗೋಡೆಗಳು ಒಸರಿಗೆ ಕರಗಿ ಕುಳಿತವು, ಕಣದಲ್ಲಿ ಈಗ ಆಪಿನ ಹುಲ್ಲು ಬೆಳೆದು ಕಪ್ಪೆ ಕೂಗುತ್ತವೆ. ನನ್ನ ಹಿಂದೆ ಬಂದು ಸಾಮು ಕಲಿಸಿ ಎಂದವರು ಯಾರೂ ಇಲ್ಲ. ಕೇಳಿದರೂ ಒಂದು ಕೈಯಿಂದ ಏನು ಕಲಿಸಲಿ? ನನಗೀಗ ನಲವತ್ತರ ಅಂಚು. ಹುರುಪು ಮರಳಿ ಬಂತೇ ಎಂದು ನೀನು ಕೇಳಿದರೆ, ಇಲ್ಲ ಎಂದೇ ಹೇಳಬೇಕು. ಹೋದದ್ದು ಹೋಯಿತು. ಈಗಲೂ ಬೆಳಗಿನ ಜಾವ ಎಚ್ಚರವಾದಾಗ ಮೊದಲು ಬರುವುದು ಆ ಹಳೆಯ ಬೇಸರವೇ, ಏಳಬೇಡ ಎನ್ನುವ ಅದೇ ದನಿ. ಬೇಸರವನ್ನು ಗೆದ್ದು ಏಳುತ್ತೇನೆ ಎಂದರೆ ಸುಳ್ಳಾಗುತ್ತದೆ; ಅದನ್ನು ಜೊತೆಗೆ ಕರೆದುಕೊಂಡೇ ಪಡಸಾಲೆಗೆ ಬರುತ್ತೇನೆ. ಪಡಸಾಲೆ ಕಟ್ಟಿಸುವಾಗ ಅಂಗಳದ ಆ ಕಲ್ಲನ್ನು ಒಳಗೆ ಹಾಸಿಸಿದ್ದು, ಗೆಳೆಯ, ಇದಕ್ಕೇ. ಆ ಬೆವರಿನಾಳಿಗೆ ಬಾ ಎಂದು ಹೇಳಿಬಿಟ್ಟಿದ್ದೇನೆ, ಬಂದವನು ಖಾಲಿ ಕಲ್ಲು ನೋಡಿ ಹಿಂತಿರುಗಬಾರದು. ಹಾಗೆ ಬಾಗಿಲ ತನಕ ಬಂದು ಹಿಂತಿರುಗುವುದು ಏನೆಂದು ನನಗೆ ಗೊತ್ತು.

ಇವತ್ತೂ ಶಂಕ್ರಮ್ಮ ಕಸಬರಿಗೆ ಹಿಡಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಮೂಡಿದನೇನ್ರಿ ನಿಮ್ಮ ಆಳು? ನನಗ ಕಸ ಹೊಡೀಬೇಕು,” ಎಂದಳು.

“ಮೂಡ್ಯಾನ. ತಡಿ, ಆರಲಿ.”

ಅವಳು ಕಸಬರಿಗೆ ಹಿಡಿದೇ ಕಂಬಕ್ಕೆ ಒರಗಿ ನಿಂತಳು. ನಾನು ಗೋಡೆಗೆ ಒರಗಿ ಕುಳಿತು ಉಸಿರು ಹಿಡಿದುಕೊಳ್ಳುತ್ತ, ಅವಳಿಗೆ ಕೇಳಿಸದಂತೆ ನಾಳಿಗೂ ಬಾ ಎಂದೆ. ಮೊದಲು ಅವನ ಹಣೆ ಆರುತ್ತದೆ, ಆಮೇಲೆ ಎದೆ, ಎಲ್ಲಕ್ಕೂ ಕೊನೆಗೆ ಆ ಒಂದು ಕೈ.